ಉಣುಗು ಕಚ್ಚಿದ ತುರಿಕೆಗೆ ಮನೆಮದ್ದು ಸಾಕು, ಜ್ವರ ಬಂದ್ರೆ ಕಾಯಬೇಡಿ
ಮಲೆನಾಡಿನಲ್ಲಿ ದರಗು, ಸೌದೆಗೆ ಅಂತ ಕಾಡಿಗೆ ಹೋದವರಿಗೆ ಬೇಸಿಗೆ ಮುಗಿಯೋ ತನಕ ಉಣುಗಿನ ಕಾಟ ತಪ್ಪಿದ್ದಲ್ಲ. ಮರಿ ಉಣುಗು ಸಾಸಿವೆಗಿಂತ ಸಣ್ಣದು, ಕಣ್ಣಿಗೇ ಬೀಳಲ್ಲ. ಕಂಕುಳು, ಸೊಂಟ, ಮಂಡಿ ಹಿಂದೆ ಹುಡುಕಿ.

ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರ ಎಳೆಯಿರಿ. ಬೀಡಿ ಬೆಂಕಿ ತಾಗಿಸೋದು, ಸೀಮೆಎಣ್ಣೆ ಹಚ್ಚೋದು, ಬೆರಳಲ್ಲಿ ಹಿಸುಕೋದು ಬೇಡ. ಸೋಪು ಹಾಕಿ ತೊಳೆದು, ತಣ್ಣೀರು ಬಟ್ಟೆ ಹತ್ತು ನಿಮಿಷ ಇಡಿ. ಮೇಲೆ ಕ್ಯಾಲಮೈನ್ ಲೋಷನ್ ಹಚ್ಚಿ. ಸುಣ್ಣ ಹಚ್ಚಿದರೆ ಚರ್ಮ ಸುಡುತ್ತೆ ಅಷ್ಟೇ. ಕೆರೆದರೆ ಕೀವಾಗುತ್ತೆ. ಗುಳ್ಳೆ ವಾರಗಟ್ಟಲೆ ತುರಿಸಬಹುದು, ಅದಕ್ಕೆ ಹೆದರಬೇಕಿಲ್ಲ.

ಹೆದರಬೇಕಾದ್ದು ಜ್ವರಕ್ಕೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡೋದು ಉಣುಗಿನಿಂದಲೇ. ಕಚ್ಚಿದ 3ರಿಂದ 8 ದಿನದಲ್ಲಿ ಇದ್ದಕ್ಕಿದ್ದಂತೆ ಚಳಿಜ್ವರ, ವಿಪರೀತ ತಲೆನೋವು, ಮೈಕೈ ನೋವು ಬಂದರೆ ಅಂಗಡಿಯ ನೋವಿನ ಮಾತ್ರೆ ನುಂಗಿ ಮಲಗಬೇಡಿ. ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವ ಹೆಚ್ಚಿಸಬಹುದು. ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಕಾಡಿಗೆ ಹೋಗಿದ್ದು, ಉಣುಗು ಕಚ್ಚಿದ್ದು ಡಾಕ್ಟರ್ ಕೇಳೋ ಮೊದಲೇ ಹೇಳಿ. ಮುಂದಿನ ಸಲ ಕಾಡಿಗೆ ಹೋಗುವಾಗ ಕೈಕಾಲಿಗೆ ಹಚ್ಚೋಕೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆಯನ್ನೂ ಅಲ್ಲೇ ಕೇಳಿ.