ಡಾಸ್ ಕಾಲದ ದಾರಿಗಳು

1990ರ ದಶಕದಲ್ಲಿ ನಮ್ಮೂರು ತಿಕೋಟಾದ ಹುಡುಗರು ಕಂಪ್ಯೂಟರ್ ಕಲಿಯಬೇಕೆಂದರೆ ಬಿಜಾಪುರದ ಬಸ್ಸು ಹತ್ತಬೇಕಿತ್ತು. ಬಿಜಾಪುರದ ಹೆಸರು ವಿಜಯಪುರ ಆದದ್ದು 2014ರ ನವೆಂಬರ್ 1ರಂದು. ನಾನೂ ಆ ಬಸ್ಸಿನಲ್ಲೇ ಹೋಗಿ ಕಲಿತವನು. ಚಪ್ಪಲಿ ಹೊರಗೆ ಬಿಟ್ಟು ಕ್ಲಾಸಿನ ಒಳಗೆ ಹೋದರೆ ಕಪ್ಪು ಪರದೆ, ಕೀಬೋರ್ಡು, ಅಷ್ಟೇ, ಮೌಸ್ ಇರಲಿಲ್ಲ. ಪಾಠ ಶುರುವಾಗುತ್ತಿದ್ದದ್ದೇ ಡೈರೆಕ್ಟರಿಯಿಂದ, ಅಂದರೆ ಫೈಲುಗಳನ್ನಿಡುವ, ಈಗ ಫೋಲ್ಡರ್ ಎನ್ನುವ ಜಾಗದಿಂದ.

ಡೈರೆಕ್ಟರಿಯೊಳಗೊಂದು ಡೈರೆಕ್ಟರಿ ಎಂಬುದು ಆ ಕಂಪ್ಯೂಟರುಗಳನ್ನು ನಡೆಸುತ್ತಿದ್ದ ಆಪರೇಟಿಂಗ್ ಸಿಸ್ಟಮ್ ಡಾಸ್‌ಗೆ ಹುಟ್ಟಿನಿಂದ ಬಂದದ್ದಲ್ಲ. 1981ರಲ್ಲಿ ಐಬಿಎಂ ಪಿಸಿ ಜೊತೆ ಬಂದ ಮೊದಲ ಆವೃತ್ತಿಯಲ್ಲಿ ಎಲ್ಲ ಫೈಲುಗಳದ್ದೂ ಒಂದೇ ಪಟ್ಟಿ. 160 ಕೆಬಿ ಫ್ಲಾಪಿಯಲ್ಲಿ ಹೆಚ್ಚೆಂದರೆ 64 ಹೆಸರು ಹಿಡಿಯುತ್ತಿದ್ದವು. ಅದಕ್ಕೆ ಅಷ್ಟು ಸಾಕಿತ್ತು. 1983ರ ಮಾರ್ಚ್‌ನಲ್ಲಿ 10 ಎಂಬಿ ಹಾರ್ಡ್‌ಡಿಸ್ಕ್ ಇದ್ದ ಪಿಸಿ ಎಕ್ಸ್‌ಟಿ ಬಂತು. ಅಷ್ಟು ದೊಡ್ಡ ಜಾಗದಲ್ಲಿ ಎಲ್ಲವನ್ನೂ ಒಂದೇ ಕಡೆ ಸುರಿದರೆ ಹುಡುಕುವುದು ಹೇಗೆ? ಅದಕ್ಕೇ ಡಾಸ್ 2.0 ಡೈರೆಕ್ಟರಿಯೊಳಗೆ ಡೈರೆಕ್ಟರಿ ಇಡುವ ಕ್ರಮವನ್ನು ಯೂನಿಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್‌ನಿಂದ ತಂದುಕೊಂಡಿತು. ಯೂನಿಕ್ಸ್‌ಗೆ ಆ ಕ್ರಮ ಬಂದದ್ದು 1960ರ ದಶಕದ ಮಲ್ಟಿಕ್ಸ್ ಎಂಬ ಇನ್ನೂ ಹಳೆಯ ಸಿಸ್ಟಮ್‌ನಿಂದ. ಯೂನಿಕ್ಸ್‌ನಲ್ಲಿ ಹೆಸರುಗಳ ನಡುವೆ ಬಳಸುವ ಸ್ಲ್ಯಾಶ್ ಡಾಸ್‌ನಲ್ಲಿ ಅದಾಗಲೇ ಬೇರೆ ಕೆಲಸಕ್ಕೆ ಹೋಗಿತ್ತು: ಆಜ್ಞೆಗೆ ಸೂಚನೆ ಸೇರಿಸುವುದು ಅದರಿಂದಲೇ. ಹಾಗಾಗಿ ಫೈಲಿಗೆ ಹೋಗುವ ದಾರಿ ಬರೆಯಲು ಬ್ಯಾಕ್‌ಸ್ಲ್ಯಾಶ್ ಬಂತು.

ನಾವು ಕಲಿತ ಆಜ್ಞೆಗಳು ಬೆರಳೆಣಿಕೆಯಷ್ಟು. ಡಿರ್ ಎಂದರೆ ಪಟ್ಟಿ. ಪಟ್ಟಿ ಉದ್ದವಾಗಿ ಮೇಲಕ್ಕೆ ಓಡಿಹೋದರೆ, ಪರದೆ ತುಂಬಿದಾಗ ನಿಲ್ಲಿಸಲು ಡಿರ್ ಸ್ಲ್ಯಾಶ್ ಪಿ. ಎಂಡಿ ಜೊತೆ ಹೆಸರು ಒತ್ತಿದರೆ ಹೊಸ ಡೈರೆಕ್ಟರಿ, ಸಿಡಿ ಜೊತೆ ಹೆಸರು ಒತ್ತಿದರೆ ಅದರ ಒಳಗೆ, ಸಿಡಿ ಡಾಟ್ ಡಾಟ್ ಎಂದರೆ ಒಂದು ಹಂತ ಮೇಲೆ, ಸಿಡಿ ಬ್ಯಾಕ್‌ಸ್ಲ್ಯಾಶ್ ಎಂದರೆ ಒಂದೇ ಸಲಕ್ಕೆ ಎಲ್ಲದರ ಬುಡದ ಡೈರೆಕ್ಟರಿಗೆ. ಎಷ್ಟೇ ಒಳಗೆ ಹೋಗಿದ್ದರೂ ಪರದೆ ತೋರಿಸುತ್ತಿದ್ದದ್ದು ಬರೀ ‘ಸಿ’ ಅಕ್ಷರ ಮತ್ತೊಂದು ಬಾಣದ ಗುರುತು. ಪೂರ್ತಿ ದಾರಿ ಕಾಣಬೇಕೆಂದರೆ ಕಂಪ್ಯೂಟರ್ ಶುರುವಾದಾಗ ತಾನಾಗಿ ಓಡುವ ಆಟೋಎಕ್ಸೆಕ್ ಫೈಲಿನಲ್ಲಿ ಪ್ರಾಂಪ್ಟ್ ಡಾಲರ್ ಪಿ ಡಾಲರ್ ಜಿ ಎಂದು ಬರೆದಿಟ್ಟಿರಬೇಕು. ಇಲ್ಲದಿದ್ದರೆ ಸಿಡಿ ಎಂದಷ್ಟೇ ಒತ್ತಿ ನಾವೇ ಕೇಳಿ ತಿಳಿಯಬೇಕು. ಡೆಲ್ ಸ್ಟಾರ್ ಡಾಟ್ ಸ್ಟಾರ್ ಎಂದು ನಿಂತ ಡೈರೆಕ್ಟರಿಯ ಫೈಲುಗಳನ್ನೆಲ್ಲ ಅಳಿಸುವ ಆಜ್ಞೆ ಕಲಿಸುವ ದಿನ ನಮ್ಮ ಸರ್ ಹಿಂದೆಯೇ ಬಂದು ನಿಲ್ಲುತ್ತಿದ್ದರು: “ಮೊದಲ ಎಲ್ಲಿ ನಿಂತಿ ಅಂತ ನೋಡ್ಕೋ ತಮ್ಮಾ, ಆಮ್ಯಾಲ ಅಳಸು.”

ರೈತರ ಮನೆಯಿಂದ ಬಂದ ನಮಗೆ ಈ ದಾರಿ ಹೊಸದಾಗಿ ಕಾಣಲಿಲ್ಲ. ಹೊಲದ ಪಹಣಿಯೂ ಹೀಗೇ ಇಳಿಯುತ್ತದೆ: ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ. ಒಂದು ಹಂತ ತಪ್ಪಿದರೂ ಇನ್ನೊಬ್ಬರ ಹೊಲಕ್ಕೆ ಹೋಗಿ ನಿಲ್ಲುತ್ತೇವೆ. ಮುಂದೆ ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಪಹಣಿಗಳೆಲ್ಲ ಕಂಪ್ಯೂಟರಿಗೆ ಬಂದಾಗ, ಪರದೆಯ ಮೇಲೆ ಆರಿಸಬೇಕಾದ ಕ್ರಮವೂ ಅದೇ ಆಗಿತ್ತು. 2017ರ ಬಜೆಟ್‌ನಲ್ಲಿ ತಿಕೋಟಾ ಹೊಸ ತಾಲೂಕೆಂದು ಘೋಷಣೆಯಾಯಿತು. ಹೊಲ ಇದ್ದಲ್ಲೇ ಇತ್ತು, ಅದಕ್ಕೆ ಹೋಗುವ ದಾರಿಯಲ್ಲಿ ಒಂದು ಹೆಸರು ಬದಲಾಯಿತು. ಡಾಸ್‌ನಲ್ಲಿ ಇಂಥದ್ದೊಂದು ಬದಲಾವಣೆ ದೊಡ್ಡ ಕೆಲಸ. ಹೊಸ ಜಾಗದಲ್ಲಿ ಡೈರೆಕ್ಟರಿ ಮಾಡಿ, ಎಕ್ಸ್‌ಕಾಪಿ ಸ್ಲ್ಯಾಶ್ ಎಸ್ ಎಂದು ಒಳಗಿನ ಫೈಲುಗಳನ್ನೆಲ್ಲ ನಕಲಿಸಿ, ಸರಿಯಾಗಿ ಬಂತೇ ಎಂದು ನೋಡಿ, ಹಳೆಯದನ್ನು ಖಾಲಿ ಮಾಡಿ, ಕೊನೆಗೆ ಡೈರೆಕ್ಟರಿ ತೆಗೆಯುವ ಆರ್‌ಡಿ. ಒಳಗೆ ಒಂದೇ ಒಂದು ಫೈಲು ಉಳಿದಿದ್ದರೂ ಆರ್‌ಡಿ ಆ ಡೈರೆಕ್ಟರಿಯನ್ನು ಮುಟ್ಟುತ್ತಿರಲಿಲ್ಲ.

ಹೆಸರಿಡುವುದಕ್ಕೂ ಮಿತಿ ಇತ್ತು: ಎಂಟು ಇಂಗ್ಲಿಷ್ ಅಕ್ಷರ, ಚುಕ್ಕೆ, ಮತ್ತೆ ಮೂರು. ಉದ್ದ ಹೆಸರಿಗೆ ಅವಕಾಶ ಸಿಕ್ಕಿದ್ದು 1995ರ ವಿಂಡೋಸ್‌ನಲ್ಲಿ. ಹೆಸರು ಚಿಕ್ಕದಾದಷ್ಟೂ ಅದನ್ನಿಡುವ ಜಾಗ ಸರಿಯಿರಬೇಕಿತ್ತು. ಅದಕ್ಕೇ ಆ ಕಾಲದ ಟೈಪಿಂಗ್ ಹುಡುಗರು ವರ್ಷಕ್ಕೊಂದು, ಊರಿಗೊಂದು ಡೈರೆಕ್ಟರಿ ಮಾಡಿ ಕೆಲಸ ಶುರುಮಾಡುತ್ತಿದ್ದರು.

ಈಗ ನಾನು ತಿಕೋಟಾದಲ್ಲೇ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತೇನೆ. ಸ್ಕಾಲರ್‌ಶಿಪ್ ಅರ್ಜಿಗೆಂದು ಜಾತಿ ಪ್ರಮಾಣಪತ್ರ ಡೌನ್‌ಲೋಡ್ ಮಾಡಿದ ಹುಡುಗಿಗೆ ಅದು ಎಲ್ಲಿ ಸೇವ್ ಆಗಿದೆ ಎಂದು ಕೇಳಿದರೆ ಗೊತ್ತಿರುವುದಿಲ್ಲ. ತಪ್ಪು ಆಕೆಯದಲ್ಲ, ದಾರಿಯನ್ನು ಮುಚ್ಚಿಟ್ಟೇ ಈಗಿನ ಮೊಬೈಲು ಕೈಗೆ ಬರುತ್ತದೆ. ಮುಚ್ಚಿದರೂ ದಾರಿ ಅಳಿದಿಲ್ಲ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ತೆರೆದರೆ ಸಿಡಿ, ಡಿರ್, ಎಂಡಿ ಇವತ್ತಿಗೂ ನಡೆಯುತ್ತವೆ. ಹಾಗಾಗಿ ನನ್ನ ಕ್ಲಾಸಿನ ಮೊದಲ ವಾರ ಆ ಕಪ್ಪು ಪರದೆಯ ಮೇಲೆಯೇ ಕಳೆಯುತ್ತದೆ. ತನ್ನ ಕಾಗದಪತ್ರ ಎಲ್ಲಿದೆ ಎಂದು ತಿಳಿದ ಮಗು ಸೈಬರ್ ಅಂಗಡಿಯವರ ಮುಂದೆ ಕಾಯಬೇಕಿಲ್ಲ. ಹಳ್ಳಿಯಲ್ಲಿ ಕಂಪ್ಯೂಟರ್ ಕಲಿಸುವ ಪ್ರತಿಯೊಬ್ಬರೂ ಇಲ್ಲಿಂದಲೇ ಶುರುಮಾಡಬೇಕು ಎಂಬುದು ನನ್ನ ಬೇಡಿಕೆ.