ಗಂಟು ಬಿಚ್ಚಿದರೆ ಸಾಕೆ?

ಉಡುಪಿಯ ಯಾವುದೇ ಶಾಲೆಯ ಗಣಕದಲ್ಲಿ ಹಳೆಯ ಪಾಠಟಿಪ್ಪಣಿಗಳ ‘ಜಿಪ್’ ಕಡತವೊಂದು ಇದ್ದೀತು. ಇದರ ಹಿಂದೆ ಎರಡು ಉಪಾಯಗಳಿವೆ. ಹೆಚ್ಚು ಬಾರಿ ಬರುವ ಚಿಹ್ನೆಗೆ ಕಿರಿದಾದ ಸಂಕೇತ ಕೊಡುವುದು ಹಫ್‌ಮನ್ 1952ರಲ್ಲಿ ಸೂಚಿಸಿದ ವಿಧಾನ. ‘ಉಡುಪಿ’ ಎಂಬ ಪದ ಮತ್ತೆ ಬಂದಾಗ ಅದನ್ನು ಪುನಃ ಬರೆಯದೆ, ಹಿಂದೆ ಅದು ಎಲ್ಲಿದೆ ಎಂದಷ್ಟೇ ತಿಳಿಸುವುದು ಲೆಂಪೆಲ್ ಮತ್ತು ಜಿವ್ ಅವರ 1977ರ ವಿಧಾನ. ಅಮೆರಿಕದ ಫಿಲ್ ಕ್ಯಾಟ್ಸ್ 1989ರಲ್ಲಿ ಜಿಪ್ ವಿನ್ಯಾಸವನ್ನು ಎಲ್ಲರ ಬಳಕೆಗೂ ಮುಕ್ತವಾಗಿಸಿದರು. ಹೀಗಾಗಿ ಅಂದಿನ ಗಂಟನ್ನು ಇಂದೂ ಬಿಚ್ಚಬಹುದು.

ಬಿಚ್ಚಿದ ಮೇಲೆ ಓದಬಹುದೆ? ಯೂನಿಕೋಡ್ ರೂಢಿಗೆ ಬರುವ ಮುನ್ನ ನಮ್ಮ ಫಾಂಟುಗಳು ರೋಮನ್ ಅಕ್ಷರಗಳ ಸಂಖ್ಯೆಗಳಿಗೆ ಕನ್ನಡದ ಆಕಾರಗಳನ್ನು ತೊಡಿಸಿದ್ದವು. ಆ ಫಾಂಟು ಇಲ್ಲದಿದ್ದರೆ ಕಾಪು, ಮಣಿಪಾಲ ಎಂಬ ಹೆಸರುಗಳೂ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತವೆ. ಜಿಪ್‌ನದು ತಪ್ಪಲ್ಲ, ಕೊಟ್ಟ ಬೈಟುಗಳನ್ನೇ ಅದು ಮರಳಿಸಿದೆ.

1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಸಂಖ್ಯೆಗಳಿದ್ದವು. ಯುಟಿಎಫ್-8ರಲ್ಲಿ ‘ಉಡುಪಿ’ಗೆ 15 ಬೈಟು ಬೇಕು. ಕಡತ ಹಿಗ್ಗೀತೆಂಬ ಅಂಜಿಕೆ ಬೇಡ; ಕನ್ನಡದ ಪ್ರತಿ ಚಿಹ್ನೆಯ ಮೊದಲ ಬೈಟು ಒಂದೇ ಆದ್ದರಿಂದ ಜಿಪ್ ಅದನ್ನು ಚೆನ್ನಾಗಿ ಕುಗ್ಗಿಸುತ್ತದೆ.

ಕಾರ್ಕಳದ ಬಾಹುಬಲಿಯ 1432ರ ಶಾಸನವನ್ನು ಲಿಪಿ ಬಲ್ಲವರು ಇಂದಿಗೂ ಓದುತ್ತಾರೆ. ನಿಮ್ಮ ಹಳೆಯ ಗಂಟನ್ನೂ ಬಿಚ್ಚಿ, ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಮತ್ತೆ ಕಟ್ಟಿಡಿ.