ಮಾರಬಹುದು, ಗಡಿ ದಾಟಿಸಲಾಗದು
ರಷ್ಯಾದ ಸಂಕೇತವಾದಿ ಚಿತ್ರಕಾರ ನಿಕೋಲಸ್ ರೋರಿಕ್ (1874-1947) ಕುಲೂ ಕಣಿವೆಯ ನಗ್ಗರ್‌ನಲ್ಲಿ ನೆಲೆಸಿ ಅಲ್ಲೇ ತೀರಿಕೊಂಡರು. ಅವರ ಚಿತ್ರಗಳು ಹರಾಜಿಗೆ ಬಂದರೆ ಸಂಗ್ರಾಹಕರು ಮುಗಿಬೀಳುತ್ತಾರೆ. ಆದರೆ 1972ರ ಪ್ರಾಚ್ಯವಸ್ತು ಮತ್ತು ಕಲಾ ಸಂಪತ್ತು ಕಾಯ್ದೆಯಡಿ 1979ರಲ್ಲಿ ಅವರ ಕೃತಿಗಳನ್ನು ಕಲಾ ಸಂಪತ್ತೆಂದು ಘೋಷಿಸಲಾಯಿತು. ಇಲ್ಲಿರುವ ಅವರ ರೇಖಾಚಿತ್ರವನ್ನು ದೇಶದೊಳಗೆ ಮಾರಬಹುದು. ಖಾಸಗಿಯವರು ಹೊರದೇಶಕ್ಕೆ ಒಯ್ಯುವಂತಿಲ್ಲ.

ಮಗ ಸ್ವೆತೊಸ್ಲಾವ್, ಸೊಸೆ ದೇವಿಕಾರಾಣಿ ಬೆಂಗಳೂರಿನ ತಾತಗುಣಿಯಲ್ಲಿ ಬಾಳಿದರು. ಅವರಿಗೆ ಮಕ್ಕಳಿರಲಿಲ್ಲ. 1993ರಲ್ಲಿ ಅವರು, 1994ರಲ್ಲಿ ಇವರು ಗತಿಸಿದ ಮೇಲೆ ತೋಟಕ್ಕಾಗಿ ವ್ಯಾಜ್ಯ ನಡೆದು, 2011ರಲ್ಲಿ ಸುಪ್ರೀಂ ಕೋರ್ಟು ಸರ್ಕಾರದ ಸ್ವಾಧೀನವನ್ನು ಎತ್ತಿಹಿಡಿಯಿತು.

ವಕ್ಫ್ ಮಾಡಿದ್ದನ್ನು ಮಾರುವಂತಿಲ್ಲವೆಂದು ಪಾಮನಕಲ್ಲೂರಿನ ನಾವೂ ಬಲ್ಲೆವು. ಚಿತ್ರ ವಕ್ಫ್ ಅಲ್ಲ, ಅದಕ್ಕೊಬ್ಬ ಒಡೆಯನಿದ್ದಾನೆ. ಆದರೂ ನೋಡುವ ಹಕ್ಕು ಎಲ್ಲರದಲ್ಲವೇ? ಕಾಯ್ದೆ ಗಡಿಯನ್ನಷ್ಟೇ ಕಾಯುತ್ತದೆ. ಬೀರುವಿನ ಬಾಗಿಲು ತೆರೆಸುವುದಿಲ್ಲ.